ಹಡಗಿನ ಕಥೆ ಗೊತ್ತು, ಆಮೇಲಿನದ್ದು?

(1/3)
ರಾಬರ್ಟ್ ಸ್ಮಾಲ್ಸ್ ಹೆಸರನ್ನ ನೀವು ಯಾವುದಾದ್ರೂ ರೀಲ್‌ನಲ್ಲಿ ಕೇಳಿರಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ ಹಡಗು ಹಾರಿಸ್ಕೊಂಡು ಹೋದ ಗುಲಾಮ. ಯಾಕೆ ಹೋದ್ರು ಅಂತ ಮಾತ್ರ ಯಾರೂ ಹೇಳಲ್ಲ. ಅವರ ಹೆಂಡತಿ ಹನ್ನಾ ಮತ್ತು ಮಗಳು ಬೇರೆ ಯಜಮಾನನ ಸ್ವತ್ತು. ಬಿಡಿಸಿಕೊಳ್ಳೋಕೆ 800 ಡಾಲರ್ ಬೇಕಿತ್ತು, ಕೂಡಿಟ್ಟಿದ್ದು 100.

1862 ಮೇ 13ರ ನಸುಕು, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರು. 'ಪ್ಲಾಂಟರ್' ಹಡಗಿನ ಮೂವರು ಬಿಳಿಯ ಅಧಿಕಾರಿಗಳು ರಾತ್ರಿ ದಡದಲ್ಲೇ ಉಳಿದಿದ್ರು. 23 ವರ್ಷದ ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲಿನ ಟೋಪಿ ಹಾಕ್ಕೊಂಡು, ತಮ್ಮ ಮತ್ತು ಜೊತೆಗಾರರ ಮನೆಯವರನ್ನ ಹತ್ತಿಸ್ಕೊಂಡು ಹೊರಟೇಬಿಟ್ರು. ಫೋರ್ಟ್ ಸಮ್ಟರ್ ಕೋಟೆ ಮುಂದೆ ಸರಿಯಾದ ಸೀಟಿ ಸಂಕೇತ ಕೊಟ್ಟರು, ಕಾವಲಿನವರು ಬಿಟ್ಟರು. ಫಿರಂಗಿ ಗುಂಡು ತಲುಪದಷ್ಟು ದೂರ ಹೋದ ಮೇಲೆ ಬಿಳಿ ಬೆಡ್‌ಶೀಟ್ ಏರಿಸಿ ಉತ್ತರದವರ ನೌಕಾಪಡೆಗೆ ಶರಣಾದರು. ಮುಂದೆ ಅದೇ ಹಡಗಿಗೆ ಅವರೇ ಕ್ಯಾಪ್ಟನ್!

(2/3)
ಸಿನಿಮಾ ಮಾಡೋರು ಇಲ್ಲಿಗೆ ನಿಲ್ಲಿಸ್ತಾರೆ. ನನಗೆ ಇಷ್ಟವಾಗೋದು ಇಲ್ಲಿಂದ ಮುಂದಿನದ್ದು.

ಗುಲಾಮರಿಗೆ ಓದು ಕಲಿಸೋದೇ ಆ ರಾಜ್ಯದಲ್ಲಿ ಅಪರಾಧ. ಹಾಗಾಗಿ ಸ್ಮಾಲ್ಸ್ ಅಕ್ಷರ ಕಲಿತಿದ್ದು ಬಿಡುಗಡೆ ಆದ ಮೇಲೆ, ಇಪ್ಪತ್ತರ ಹರೆಯದಲ್ಲಿ. ಅಂಥವರು 1868ರಲ್ಲಿ ರಾಜ್ಯದ ಹೊಸ ಸಂವಿಧಾನ ಬರೆಯೋ ಸಭೆಯಲ್ಲಿ ಕೂತು ಕೇಳಿದ್ದು ಏನು ಗೊತ್ತಾ? ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಾಲೆ. ಸರ್ಕಾರಿ ಶಾಲೆಗಳು ಬಣ್ಣದ ಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕು ಅಂತ ಆ ಸಂವಿಧಾನ ಬರೆದುಕೊಂಡಿತು. ಅದೇ ವರ್ಷ ಅವರು ರಾಜ್ಯದ ಶಾಸಕರಾದ್ರು, ಆಮೇಲೆ ಸೆನೆಟರ್, 1875ರಿಂದ ವಾಷಿಂಗ್ಟನ್‌ನ ಸಂಸತ್ತಿನಲ್ಲೂ. 1877ರಲ್ಲಿ ಲಂಚದ ಕೇಸಲ್ಲಿ ಶಿಕ್ಷೆ ಆಯ್ತು, 1879ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟರು. ವಿರೋಧಿಗಳು ಅಧಿಕಾರಕ್ಕೆ ಬಂದ ಕೂಡಲೇ ಬಂದ ಕೇಸು ಅದು, ನೀವೇ ಲೆಕ್ಕ ಹಾಕಿ.

(3/3)
1895. ಮತ್ತೆ ಸಂವಿಧಾನ ಸಭೆ. ಈ ಸಲ 160 ಸದಸ್ಯರಲ್ಲಿ ಕಪ್ಪು ಜನಾಂಗದವರು ಆರೇ ಮಂದಿ, ಸ್ಮಾಲ್ಸ್ ಅವರಲ್ಲಿ ಒಬ್ಬರು. ಕಪ್ಪು ಜನರ ಓಟು ಕಿತ್ತುಕೊಳ್ಳೋದೇ ಸಭೆಯ ಉದ್ದೇಶ, ಅದನ್ನ ಮುಚ್ಚಿಟ್ಟೂ ಇರಲಿಲ್ಲ. ದಾರಿ ಹೀಗೆ: ಓಟು ಬೇಕಾದ್ರೆ ಸಂವಿಧಾನದ ಒಂದು ಭಾಗ ಓದಿ ತೋರಿಸು, ಇಲ್ಲಾ ಕೇಳಿ ಅರ್ಥ ಹೇಳು. ಸರಿನಾ ತಪ್ಪಾ ಅನ್ನೋದು ಅಧಿಕಾರಿಯ ಮರ್ಜಿ. ಮೇಲಿಂದ ತಲೆಗಂದಾಯ ಬೇರೆ. ತಲೆತಲಾಂತರ ಓದೋಕೆ ಬಿಡದೇ ಇದ್ದವರು ಈಗ ಓದಿನ ಪರೀಕ್ಷೆ ಇಟ್ಟರು ನೋಡಿ!

ಸ್ಮಾಲ್ಸ್ ಸಹಿ ಹಾಕಲಿಲ್ಲ. ಸಹಿ ಹಾಕದವರಿಗೆ ಪ್ರಯಾಣದ ಖರ್ಚು ಕೊಡಬಾರದು ಅನ್ನೋ ಮಾತು ಬಂದಾಗ, ಸಹಿ ಹಾಕೋ ಬದಲು ಮನೆಗೆ ನಡೆದೇ ಹೋಗ್ತೀನಿ ಅಂದ್ರು. ಕೊಲಂಬಿಯಾದಿಂದ ಅವರ ಊರು ಬೋಫರ್ಟ್ ಸುಮಾರು ಇನ್ನೂರು ಕಿಲೋಮೀಟರ್.

ಆ ಮನೆ ಯಾವುದು ಅಂದ್ರೆ, ಅವರ ಹಳೇ ಯಜಮಾನನದ್ದೇ. ಅದರ ಹಿತ್ತಲಲ್ಲಿ 1839ರಲ್ಲಿ ಗುಲಾಮರಾಗಿ ಹುಟ್ಟಿದ್ರು. ಯುದ್ಧದ ಸಮಯದಲ್ಲಿ ತೆರಿಗೆ ಬಾಕಿಗೆ ಹರಾಜಾದಾಗ ಕೊಂಡ್ಕೊಂಡ್ರು, 1915ರಲ್ಲಿ ಅಲ್ಲೇ ತೀರಿಕೊಂಡ್ರು. ಓದಿನ ಪರೀಕ್ಷೆಗಳಿಗೆ ತೆರೆ ಬಿದ್ದಿದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. 1895ರ ಸಂವಿಧಾನ ಮಾತ್ರ ತಿದ್ದುಪಡಿಗಳೊಂದಿಗೆ ದಕ್ಷಿಣ ಕೆರೊಲಿನಾದಲ್ಲಿ ಇವತ್ತಿಗೂ ಜಾರಿಯಲ್ಲಿದೆ.