ಡಿಸ್‌ಪ್ಲೇಸಿಯಾ

ನಾಯಿಯ ಎಕ್ಸ್‌ರೇ ವರದಿಯಲ್ಲಿ 'ಹಿಪ್ ಡಿಸ್‌ಪ್ಲೇಸಿಯಾ' ಎಂದು ಓದಿದವರು ಮೂಳೆ ಮುರಿದಿದೆ, ಪೆಟ್ಟು ಬಿದ್ದು ಕೀಲು ತಪ್ಪಿದೆ ಎಂದು ಗಾಬರಿಯಾಗುತ್ತಾರೆ. ಪದ ಹೇಳುವುದು ಬೇರೆಯದನ್ನೇ. ಗ್ರೀಕಿನ 'ಡಿಸ್' ಎಂದರೆ ಕೆಟ್ಟ. ಸಂಸ್ಕೃತದ 'ದುಸ್' ಉಪಸರ್ಗಕ್ಕೆ ಹತ್ತಿರದ ನಂಟು. 'ಪ್ಲಾಸಿಸ್' ಎಂದರೆ ರೂಪಿಸುವುದು. ಪ್ಲಾಸ್ಟಿಕ್, ಪ್ಲಾಸ್ಟರ್ ಕೂಡ ಅದೇ ಬೇರಿನವು. ಅಂದರೆ ಇದು ಬೆಳವಣಿಗೆಯಲ್ಲೇ ಆದ ದೋಷ.

ಮರಿ ಹುಟ್ಟುವಾಗ ಸೊಂಟದ ಕೀಲು ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತದೆ. ಬೆಳೆಯುತ್ತ ಕೀಲು ಸಡಿಲಗೊಂಡು, ತೊಡೆಮೂಳೆಯ ಗುಂಡುತಲೆ ತನ್ನ ಗುಳಿಯಲ್ಲಿ ಭದ್ರವಾಗಿ ಕೂರುವುದಿಲ್ಲ. ಒರಳಿನ ಬಾಯಿಗೆ ಹೊಂದದ ಗುಂಡುಕಲ್ಲಿನಂತೆ ಉಜ್ಜಿ ಸವೆಯುತ್ತದೆ. ಕೊನೆಗೆ ಸಂಧಿವಾತ. ನಾಯಿಗಳಲ್ಲಿ ಇದನ್ನು ಅಮೆರಿಕದ ಪಶುವೈದ್ಯ ಗೆರಿ ಶ್ನೆಲ್ 1935ರಲ್ಲಿ ಮೊದಲು ವಿವರಿಸಿದರು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಂಥ ದೊಡ್ಡ ತಳಿಗಳಲ್ಲಿ ಹೆಚ್ಚು. ಎದ್ದೇಳಲು ತಿಣುಕುವುದು, ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ನೆಗೆದೋಡುವುದು ಇದರ ಲಕ್ಷಣಗಳು.

ಆನುವಂಶಿಕ ಎಂದು ಕೈಚೆಲ್ಲುವುದು ತಪ್ಪು. 48 ಲ್ಯಾಬ್ರಡಾರ್‌ಗಳನ್ನು ಜೀವನವಿಡೀ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 25ರಷ್ಟು ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಸಂಧಿವಾತವೂ ತಡವಾಗಿ ಬಂತು. ಹಾಗಾಗಿ ಮುದ್ದಿಗೆಂದು ಹಾಕುವ ತುತ್ತಿನ ಮೇಲೆ ಹಿಡಿತವಿರಲಿ. ಈಜು, ಮಿತವಾದ ನಡಿಗೆ, ವೈದ್ಯರು ಬರೆದ ನೋವುನಿವಾರಕ ನೆರವಾಗುತ್ತವೆ. ತೀವ್ರವಾದರೆ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯೂ ಇದೆ. ಮನೆಯಲ್ಲಿರುವ ಐಬುಪ್ರೊಫೆನ್ ಮಾತ್ರ ಕೊಡಲೇಬೇಡಿ, ನಾಯಿಗೆ ಅದು ವಿಷ.