1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ

1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯು ಕರ್ನಾಟಕದ ಚಿಕ್ಕಮಗಳೂರು ಕ್ಷೇತ್ರದಲ್ಲಿ ಆ ವರ್ಷದ ನವೆಂಬರ್ ತಿಂಗಳಿನಲ್ಲಿ ನಡೆದ ಚುನಾವಣೆಯಾಗಿದೆ. ಮಾಜಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಕಾಂಗ್ರೆಸ್ (ಐ) ಪಕ್ಷದಿಂದಲೂ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಜನತಾ ಪಕ್ಷದಿಂದಲೂ ಸ್ಪರ್ಧಿಸಿದ್ದರು. ಇಂದಿರಾ ಗಾಂಧಿಯವರು 77,333 ಮತಗಳ ಅಂತರದಿಂದ ಜಯ ಗಳಿಸಿ, 1977ರ ಸೋಲಿನ ನಂತರ ಮೊದಲ ಬಾರಿಗೆ ಸಂಸತ್ತನ್ನು ಪ್ರವೇಶಿಸಿದರು. ಜನತಾ ಪಕ್ಷವು ತುರ್ತು ಪರಿಸ್ಥಿತಿಯ ಮೇಲೆ ಮತ ಕೇಳಿದರೆ, ಕಾಂಗ್ರೆಸ್ (ಐ) ಪಕ್ಷವು ಭೂಸುಧಾರಣೆ ಮತ್ತು ಬಡವರ ಕಾರ್ಯಕ್ರಮಗಳ ಮೇಲೆ ಮತ ಕೇಳಿತು. ಒಂದೇ ಕ್ಷೇತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಮುಂದಿಟ್ಟ ಪ್ರಚಾರವೆಂದು ಈ ಉಪಚುನಾವಣೆಯು ರಾಜ್ಯದ ರಾಜಕೀಯ ಇತಿಹಾಸದಲ್ಲಿ ಗಮನಾರ್ಹವಾಗಿದೆ.

ಹಿನ್ನೆಲೆ

1975ರ ಜೂನ್ 25ರಂದು ಘೋಷಿತವಾದ ತುರ್ತು ಪರಿಸ್ಥಿತಿಯು 1977ರ ಮಾರ್ಚ್ 21ರವರೆಗೆ ಜಾರಿಯಲ್ಲಿತ್ತು. ಅದೇ ತಿಂಗಳು ನಡೆದ ಮಹಾಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಕೇಂದ್ರದಲ್ಲಿ ಅಧಿಕಾರ ಕಳೆದುಕೊಂಡಿತು. ಉತ್ತರ ಪ್ರದೇಶದ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ರಾಜ್ ನಾರಾಯಣ್ ಅವರೆದುರು ಸೋತರು. ಮೊರಾರ್ಜಿ ದೇಸಾಯಿಯವರ ನೇತೃತ್ವದಲ್ಲಿ ಜನತಾ ಪಕ್ಷದ ಸರ್ಕಾರ ರಚನೆಯಾಯಿತು. ತುರ್ತು ಪರಿಸ್ಥಿತಿಯ ಅತಿರೇಕಗಳ ವಿಚಾರಣೆಗಾಗಿ ಷಾ ಆಯೋಗವು ನೇಮಕಗೊಂಡಿತು.

ದಕ್ಷಿಣ ಭಾರತದಲ್ಲಿ ಫಲಿತಾಂಶವು ಇದಕ್ಕೆ ವಿರುದ್ಧವಾಗಿತ್ತು. ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ ಪಡೆದಿತ್ತು. 1978ರ ಜನವರಿಯಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ದೇವರಾಜ ಅರಸು ಅವರು ಇಂದಿರಾ ಗಾಂಧಿಯವರೊಡನೆ ನಿಂತರು. ಆಗ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆಯಿತ್ತು. ಫೆಬ್ರವರಿಯಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಹೊಸ ಪಕ್ಷವಾದ ಕಾಂಗ್ರೆಸ್ (ಐ) 224 ಸ್ಥಾನಗಳ ಪೈಕಿ 149ನ್ನು ಗೆದ್ದಿತು. ಜನತಾ ಪಕ್ಷಕ್ಕೆ 59 ಸ್ಥಾನಗಳು ದೊರೆತವು. ಅರಸು ಅವರು ಮತ್ತೆ ಮುಖ್ಯಮಂತ್ರಿಯಾದರು.

ಕ್ಷೇತ್ರದ ಆಯ್ಕೆ

ಸಂಸತ್ತಿಗೆ ಮರಳಲು ಇಂದಿರಾ ಗಾಂಧಿಯವರಿಗೆ ಪಕ್ಷದ ಬೇರು ಗಟ್ಟಿಯಾಗಿರುವ ಕ್ಷೇತ್ರವೊಂದು ಬೇಕಾಗಿತ್ತು. ಚಿಕ್ಕಮಗಳೂರಿನ ಲೋಕಸಭಾ ಸದಸ್ಯರಾಗಿದ್ದ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನಕ್ಕೆ ರಾಜೀನಾಮೆ ನೀಡಿ ಕ್ಷೇತ್ರವನ್ನು ತೆರವು ಮಾಡಿಕೊಟ್ಟರು. ಮೂಡಿಗೆರೆ ತಾಲ್ಲೂಕಿನವರಾದ ಅವರು ಮುಂದೆ ರಾಜ್ಯದಲ್ಲಿ ಸಚಿವರಾಗಿಯೂ ವಿಧಾನಸಭಾಧ್ಯಕ್ಷರಾಗಿಯೂ ಕಾರ್ಯನಿರ್ವಹಿಸಿದರು.

ಆಗಿನ ಕ್ಷೇತ್ರವು ಮೂರು ಬಗೆಯ ಭೂಭಾಗಗಳನ್ನು ಒಳಗೊಂಡಿತ್ತು. ಮೂಡಿಗೆರೆ, ಶೃಂಗೇರಿ ಮತ್ತು ಚಿಕ್ಕಮಗಳೂರಿನ ಸುತ್ತಿನ ಮಲೆನಾಡಿನಲ್ಲಿ ಕಾಫಿ ತೋಟಗಳು, ಅಡಿಕೆ ತೋಟಗಳು ಮತ್ತು ಗದ್ದೆಗಳಿದ್ದವು. ಶಿವಮೊಗ್ಗ ಜಿಲ್ಲೆಯ ಭದ್ರಾವತಿಗೆ ಹೊಂದಿಕೊಂಡ ತರೀಕೆರೆ ಹಾಗೂ ಅದರಾಚೆಯ ಬೀರೂರು, ಕಡೂರುಗಳಲ್ಲಿ ಮಲೆನಾಡು ಕ್ರಮೇಣ ಬಯಲುಸೀಮೆಯಾಗುತ್ತದೆ. ಘಟ್ಟದ ಕೆಳಗೆ ಕಾರ್ಕಳದ ಕರಾವಳಿ ಪ್ರದೇಶವೂ ಕ್ಷೇತ್ರಕ್ಕೆ ಸೇರಿತ್ತು. ಭಾಷೆ, ಬೆಳೆ, ಜಾತಿ ಇವೆಲ್ಲವುಗಳಲ್ಲಿ ಈ ಮೂರು ಭಾಗಗಳ ನಡುವೆ ವ್ಯತ್ಯಾಸವಿದ್ದುದರಿಂದ, ಒಂದೇ ಮಾತಿನಿಂದ ಇಡೀ ಕ್ಷೇತ್ರವನ್ನು ತಲಪುವುದು ಯಾವ ಪಕ್ಷಕ್ಕೂ ಸುಲಭವಾಗಿರಲಿಲ್ಲ.

ಅಭ್ಯರ್ಥಿಗಳು

ಇಂದಿರಾ ಗಾಂಧಿಯವರ ವಿರುದ್ಧ ಜನಪ್ರಿಯ ನಟ ರಾಜ್‌ಕುಮಾರ್ ಅವರನ್ನು ಕಣಕ್ಕಿಳಿಸುವ ಪ್ರಯತ್ನ ವಿರೋಧಿ ಪಾಳಯದಲ್ಲಿ ನಡೆಯಿತು. ರಾಜಕೀಯದಿಂದ ದೂರವಿರಲು ನಿರ್ಧರಿಸಿದ್ದ ಅವರು ಅದಕ್ಕೆ ಒಪ್ಪಲಿಲ್ಲ. ಅಂತಿಮವಾಗಿ ಜನತಾ ಪಕ್ಷವು ವೀರೇಂದ್ರ ಪಾಟೀಲರನ್ನು ಆಯ್ಕೆ ಮಾಡಿತು. ಗುಲ್ಬರ್ಗಾ ಜಿಲ್ಲೆಯ ಚಿಂಚೋಳಿಯವರಾದ ಪಾಟೀಲರು 1968ರಿಂದ 1971ರವರೆಗೆ ಆಗಿನ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು. 1969ರ ಕಾಂಗ್ರೆಸ್ ವಿಭಜನೆಯಲ್ಲಿ ಅವರು ಇಂದಿರಾ ಗಾಂಧಿಯವರ ವಿರುದ್ಧ ಬಣದಲ್ಲಿದ್ದರು. ದಕ್ಷ ಆಡಳಿತಗಾರರೆಂಬ ಹೆಸರು ಅವರಿಗಿತ್ತು. ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಚಿಕ್ಕಮಗಳೂರಿಗೆ ಹೊರಗಿನವರೇ ಆಗಿದ್ದರು.

ಕಾಂಗ್ರೆಸ್ (ಐ) ಪಕ್ಷದ ಪ್ರಚಾರ

ಕಾಂಗ್ರೆಸ್ (ಐ) ಪ್ರಚಾರದ ಸೂತ್ರ ಮುಖ್ಯಮಂತ್ರಿ ದೇವರಾಜ ಅರಸು ಅವರ ಕೈಯಲ್ಲಿತ್ತು. ಇಂದಿರಾ ಗಾಂಧಿಯವರಿಗೆ ಕನ್ನಡ ಬಾರದು; ಆದುದರಿಂದ ಅವರ ಮಾತುಗಳು ಅನುವಾದದ ಮೂಲಕವೇ ಹಳ್ಳಿಗಳನ್ನು ತಲಪಬೇಕಾಗಿತ್ತು. ಈ ಕೊರತೆಯನ್ನು ತುಂಬಲು ಪಕ್ಷಕ್ಕೆ ನೆರವಾದದ್ದು ರಾಜ್ಯ ಸರ್ಕಾರವು ಹಿಂದಿನ ಕೆಲವು ವರ್ಷಗಳಲ್ಲಿ ಜಾರಿಗೆ ತಂದಿದ್ದ ಕಾರ್ಯಕ್ರಮಗಳು.

ಅವುಗಳಲ್ಲಿ ಮುಖ್ಯವಾದುದು ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಗೊಳಿಸಿತ್ತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯಮಂಡಳಿಯ ಮುಂದೆ ತಮ್ಮ ಹಕ್ಕನ್ನು ಸ್ಥಾಪಿಸಿಕೊಳ್ಳಲು ಅವಕಾಶವಿತ್ತು. ಗೇಣಿಯ ಪ್ರಶ್ನೆಯು ಈ ಸೀಮೆಗೆ ಹೊಸದಾಗಿರಲಿಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ನಡೆದ ಕಾಗೋಡು ಸತ್ಯಾಗ್ರಹವು ಅದನ್ನು ರಾಜ್ಯದ ಮುಂದಿಟ್ಟಿತ್ತು. ಸಮಾಜವಾದಿಗಳು ಎತ್ತಿದ್ದ ಆ ಬೇಡಿಕೆಯನ್ನು ಕಾನೂನಾಗಿಸಿದ ಶ್ರೇಯಸ್ಸು ಅರಸು ಸರ್ಕಾರಕ್ಕೆ ಸಂದಿತು. ಗೇಣಿ ವ್ಯವಸಾಯವು ವ್ಯಾಪಕವಾಗಿದ್ದ ಮಲೆನಾಡಿನ ಗದ್ದೆ ಪ್ರದೇಶಗಳಲ್ಲಿಯೂ ಕಾರ್ಕಳದ ಕಡೆಯಲ್ಲಿಯೂ ಇದರ ಪ್ರಭಾವ ಹೆಚ್ಚಾಗಿತ್ತು.

ಭೂಸುಧಾರಣೆಗೆ ಒಂದು ಮಿತಿಯೂ ಇತ್ತು. ಕಾಫಿ, ಏಲಕ್ಕಿ, ಮೆಣಸು ಮುಂತಾದ ಪ್ಲಾಂಟೇಷನ್ ಬೆಳೆಗಳ ಭೂಮಿಗೆ ಕಾನೂನಿನಲ್ಲಿ ವಿನಾಯಿತಿ ನೀಡಲಾಗಿತ್ತು. ತೋಟದ ಮಾಲೀಕರ ಹಿಡುವಳಿಗೆ ಇದರಿಂದ ಧಕ್ಕೆಯಾಗಲಿಲ್ಲ. ತೋಟಗಳ ಕೂಲಿಕಾರರಿಗೆ ಇದರಿಂದ ಭೂಮಿಯೂ ದೊರೆಯಲಿಲ್ಲ. ಭೂಹೀನರ ನಡುವೆ ಪ್ರಚಾರಕ್ಕೆ ಬಳಕೆಯಾದದ್ದು ಮನೆ ನಿವೇಶನಗಳ ಹಂಚಿಕೆ, ಋಣ ಪರಿಹಾರ ಕಾನೂನು ಮತ್ತು ಜೀತ ವಿಮುಕ್ತಿಯಂತಹ ಕ್ರಮಗಳು. ಎಲ್. ಜಿ. ಹಾವನೂರು ಆಯೋಗದ 1975ರ ವರದಿಯು ಹಿಂದುಳಿದ ವರ್ಗಗಳಿಗೆ ಮೀಸಲಾತಿಯ ದಾರಿ ತೆರೆದಿತ್ತು. ಹೀಗೆ ಹಿಂದುಳಿದ ವರ್ಗಗಳು, ಪರಿಶಿಷ್ಟ ಜಾತಿಗಳು ಮತ್ತು ಅಲ್ಪಸಂಖ್ಯಾತರನ್ನು ಒಗ್ಗೂಡಿಸಿದ್ದ ಅರಸು ಅವರ ಬೆಂಬಲ ನೆಲೆಯು ಇಂದಿರಾ ಗಾಂಧಿಯವರಿಗೆ ಸಿದ್ಧವಾಗಿಯೇ ದೊರೆಯಿತು.

ಕ್ಷೇತ್ರದ ಹೊರಗೆ, ವಿಶೇಷವಾಗಿ ಉತ್ತರ ಭಾರತದಲ್ಲಿ, ಈ ಚುನಾವಣೆಯು ‘ಏಕ್ ಶೇರ್‌ನಿ ಸೌ ಲಂಗೂರ್, ಚಿಕ್‌ಮಗಳೂರ್ ಭಾಯಿ ಚಿಕ್‌ಮಗಳೂರ್’ ಎಂಬ ಹಿಂದಿ ಘೋಷಣೆಯಿಂದ ಪ್ರಸಿದ್ಧವಾಯಿತು. ಒಂಟಿ ಸಿಂಹಿಣಿಯೊಬ್ಬಳು ನೂರು ಮುಸುವಗಳನ್ನು ಎದುರಿಸುತ್ತಿದ್ದಾಳೆ ಎಂಬುದು ಇದರ ತಾತ್ಪರ್ಯ. ಇಡೀ ಕೇಂದ್ರ ಸರ್ಕಾರವೇ ಒಬ್ಬ ಮಹಿಳೆಯ ವಿರುದ್ಧ ನಿಂತಿದೆ ಎಂಬ ಭಾವನೆಯನ್ನು ಈ ಘೋಷಣೆಯು ಬಿತ್ತಿತು.

ಜನತಾ ಪಕ್ಷದ ಪ್ರಚಾರ

ಜನತಾ ಪಕ್ಷದ ಪ್ರಚಾರದ ಹೊಣೆಯನ್ನು ಕೇಂದ್ರದ ಕೈಗಾರಿಕಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರು ವಹಿಸಿಕೊಂಡರು. ಮಂಗಳೂರಿನಲ್ಲಿ ಹುಟ್ಟಿದ ಅವರಿಗೆ ಈ ಭಾಗದ ಭಾಷೆಗಳ ಮತ್ತು ಜನಜೀವನದ ಪರಿಚಯವಿತ್ತು. ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿದ್ದ ಅವರಿಗೆ ಈ ಚುನಾವಣೆಯು ಸರ್ವಾಧಿಕಾರವು ಮರಳದಂತೆ ತಡೆಯುವ ಹೋರಾಟವಾಗಿತ್ತು. ನಾಗರಿಕ ಸ್ವಾತಂತ್ರ್ಯದ ಹರಣ, ಪತ್ರಿಕೆಗಳ ಮೇಲಿನ ನಿರ್ಬಂಧ, ವಿಚಾರಣೆಯಿಲ್ಲದ ಬಂಧನ ಇವು ಪಕ್ಷದ ಪ್ರಚಾರದ ಮುಖ್ಯ ವಿಷಯಗಳಾಗಿದ್ದವು.

ಈ ಆರೋಪಗಳಿಗೆ ಕರ್ನಾಟಕದಲ್ಲಿಯೂ ಆಧಾರವಿತ್ತು. ಅಟಲ್ ಬಿಹಾರಿ ವಾಜಪೇಯಿ ಮತ್ತು ಲಾಲ್ ಕೃಷ್ಣ ಆಡ್ವಾಣಿ ಅವರನ್ನು ಬೆಂಗಳೂರಿನಲ್ಲಿಯೇ ಬಂಧಿಸಲಾಗಿತ್ತು. ಬೆಂಗಳೂರಿನ ಸೆರೆಮನೆಯಲ್ಲಿ ಬಂಧಿಯಾಗಿದ್ದ ನಟಿ ಸ್ನೇಹಲತಾ ರೆಡ್ಡಿಯವರು ಆರೋಗ್ಯ ಹದಗೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾಗಿದ್ದರು. ಆದರೂ ಉತ್ತರ ಭಾರತದಲ್ಲಿ ಬಲವಂತದ ಸಂತಾನಶಕ್ತಿ ಹರಣ ಚಿಕಿತ್ಸೆಯಿಂದ ಹಳ್ಳಿಹಳ್ಳಿಗೂ ಮುಟ್ಟಿದಷ್ಟು ತೀವ್ರವಾಗಿ ತುರ್ತು ಪರಿಸ್ಥಿತಿಯ ಬಿಸಿ ಇಲ್ಲಿನ ಗ್ರಾಮಾಂತರಕ್ಕೆ ಮುಟ್ಟಿರಲಿಲ್ಲ. ವಿದ್ಯಾವಂತರನ್ನು ತಲಪಿದ ಸ್ವಾತಂತ್ರ್ಯದ ಮಾತು, ಅದೇ ಅವಧಿಯಲ್ಲಿ ಗೇಣಿಯಿಂದ ಮುಕ್ತನಾಗಿದ್ದ ರೈತನಿಗೆ ಅಷ್ಟೇ ಹತ್ತಿರವಾಗಲಿಲ್ಲ.

ನಾಗರಹಾವಿನ ಭಿತ್ತಿಪತ್ರ

ಇಂದಿರಾ ಗಾಂಧಿಯವರ ಜೀವನಚರಿತ್ರೆಗಳಲ್ಲಿ ದಾಖಲಾಗಿರುವ ಒಂದು ಪ್ರಸಂಗವು ಪ್ರಚಾರದ ಎಡವಟ್ಟಿಗೆ ನಿದರ್ಶನವಾಗಿದೆ. ಹೆಡೆಯೆತ್ತಿದ ನಾಗರಹಾವಿನ ಚಿತ್ರವಿದ್ದ ಭಿತ್ತಿಪತ್ರವನ್ನು ಜನತಾ ಪಕ್ಷವು ಬಳಸಿ, ಅಪಾಯವು ಮತ್ತೆ ತಲೆಯೆತ್ತುತ್ತಿದೆ ಎಂದು ಮತದಾರರನ್ನು ಎಚ್ಚರಿಸಲು ಯತ್ನಿಸಿತು. ಆದರೆ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ನಾಗರಹಾವು ಪೂಜನೀಯವಾದುದು. ಊರೂರಿಗೆ ನಾಗಬನಗಳಿದ್ದು, ನಾಗರಪಂಚಮಿಯಂದು ನಾಗರಕಲ್ಲಿಗೆ ಹಾಲೆರೆಯುವ ಈ ಸೀಮೆಯಲ್ಲಿ ಹೆಡೆಯೆತ್ತಿದ ನಾಗನು ಭಯದ ಸಂಕೇತವಾಗುವುದಕ್ಕಿಂತ ಭಕ್ತಿಯ ಸಂಕೇತವಾಗುವುದೇ ಸಹಜ.

ಫಲಿತಾಂಶ

ಇಂದಿರಾ ಗಾಂಧಿ, ಕಾಂಗ್ರೆಸ್ (ಐ): 2,49,376 ಮತಗಳು
ವೀರೇಂದ್ರ ಪಾಟೀಲ, ಜನತಾ ಪಕ್ಷ: 1,72,043 ಮತಗಳು
ಗೆಲುವಿನ ಅಂತರ: 77,333 ಮತಗಳು

ನಂತರದ ಬೆಳವಣಿಗೆಗಳು

ಇಂದಿರಾ ಗಾಂಧಿಯವರ ಸದಸ್ಯತ್ವವು ಹೆಚ್ಚು ಕಾಲ ಉಳಿಯಲಿಲ್ಲ. ಮಾರುತಿ ಸಂಸ್ಥೆಯ ಕುರಿತು ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿ ಪ್ರಕರಣದಲ್ಲಿ 1978ರ ಡಿಸೆಂಬರ್ 19ರಂದು ಲೋಕಸಭೆಯು ಅವರನ್ನು ಉಚ್ಚಾಟಿಸಿ ಸೆರೆಮನೆಗೆ ಕಳುಹಿಸಿತು. ಒಂದು ವಾರ ತಿಹಾರ್ ಸೆರೆಮನೆಯಲ್ಲಿದ್ದು ಡಿಸೆಂಬರ್ 26ರಂದು ಅವರು ಬಿಡುಗಡೆ ಹೊಂದಿದರು. ಚಿಕ್ಕಮಗಳೂರಿನ ಮತದಾರರು ಆರಿಸಿ ಕಳುಹಿಸಿದ ಪ್ರತಿನಿಧಿಯು ಎರಡು ತಿಂಗಳೊಳಗಾಗಿ ಸದನದಿಂದ ಹೊರಗಾದಂತಾಯಿತು. 1981ರಲ್ಲಿ ಲೋಕಸಭೆಯು ಈ ನಿರ್ಣಯವನ್ನು ರದ್ದುಪಡಿಸಿತು.

1979ರಲ್ಲಿ ದೇವರಾಜ ಅರಸು ಮತ್ತು ಇಂದಿರಾ ಗಾಂಧಿಯವರ ನಡುವೆ ಒಡಕುಂಟಾಗಿ ಅರಸು ಅವರು ಪಕ್ಷದಿಂದ ಹೊರಬಂದರು. 1980ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಸ್ಪರ್ಧಿಸದೆ ರಾಯ್‌ಬರೇಲಿ ಮತ್ತು ಆಂಧ್ರಪ್ರದೇಶದ ಮೇದಕ್ ಕ್ಷೇತ್ರಗಳಿಂದ ಗೆದ್ದು ಪ್ರಧಾನಿಯಾದರು. ವೀರೇಂದ್ರ ಪಾಟೀಲರು ಅವರದೇ ಪಕ್ಷವನ್ನು ಸೇರಿ, 1989ರಲ್ಲಿ ಮತ್ತೊಮ್ಮೆ ರಾಜ್ಯದ ಮುಖ್ಯಮಂತ್ರಿಯಾದರು.

ಮಹತ್ವ

ಚಿಕ್ಕಮಗಳೂರಿನ ಫಲಿತಾಂಶವನ್ನು ತುರ್ತು ಪರಿಸ್ಥಿತಿಗೆ ಜನರು ನೀಡಿದ ಕ್ಷಮೆ ಎಂದು ಕಾಣುವವರಿದ್ದಾರೆ. ಅರಸು ಅವರ ಕಾರ್ಯಕ್ರಮಗಳಿಗೆ ದೊರೆತ ಮನ್ನಣೆ ಎಂದು ಕಾಣುವವರೂ ಇದ್ದಾರೆ. ಪ್ರಚಾರದ ಸ್ವರೂಪವು ಎರಡನೆಯ ಅಭಿಪ್ರಾಯವನ್ನು ಪುಷ್ಟೀಕರಿಸುತ್ತದೆ. ಕಾಂಗ್ರೆಸ್ (ಐ) ತುರ್ತು ಪರಿಸ್ಥಿತಿಯ ಸಮರ್ಥನೆಗಿಂತ ಭೂಮಿ ಮತ್ತು ನಿವೇಶನಗಳ ಮಾತನ್ನೇ ಮುಂದಿಟ್ಟಿತ್ತು. ಆದರೆ ಅರಸು ಅವರು ದೂರವಾದ ಬಳಿಕವೂ, 1980ರಲ್ಲಿ, ಕಾಂಗ್ರೆಸ್ (ಐ) ಪಕ್ಷವು ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 27ನ್ನು ಗೆದ್ದಿತು. ಭೂಮಿ ಪಡೆದವರು ಅದನ್ನು ಕೊಟ್ಟ ಮುಖ್ಯಮಂತ್ರಿಯ ಹಿಂದೆ ಹೋಗದೆ ಇಂದಿರಾ ಗಾಂಧಿಯವರ ಹೆಸರಿನೊಡನೆಯೇ ಉಳಿದರು. ರಾಜ್ಯ ಸರ್ಕಾರದ ಕೆಲಸವನ್ನು ಅವರ ಹೆಸರಿಗೆ ಜೋಡಿಸಿದ 1978ರ ಪ್ರಚಾರವು, ಅದನ್ನು ರೂಪಿಸಿದ ಅರಸು ಅವರಿಗೇ ಮುಂದೆ ಪ್ರತಿಕೂಲವಾಗಿ ಪರಿಣಮಿಸಿತು.