ರೇಡಿಯೋ ಎಷ್ಟು ಸೆಲ್ ತಿಂತದ?

"ಕಾಕಾ, ಈ ರೇಡಿಯೋ ಸೆಲ್ ಬಾಳ ತಿಂತದ ನೋಡ್ರಿ."

ಆಳಂದ, ಅಫಜಲಪುರ, ಜೇವರ್ಗಿ ಎಲ್ಲೇ ಆಗಲಿ, ರೇಡಿಯೋ ರಿಪೇರಿ ಅಂಗಡಿಗೆ ಬಂದವರ ಮೊದಲ ದೂರು ಇದೇ. ಕಾಕಾ ಮಾತಾಡುತ್ತಿರಲಿಲ್ಲ. ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ಒಂದು ಕಾಗದದ ಚೂರು ಸಿಕ್ಕಿಸಿ, ಅದರ ಆಚೆ ಈಚೆ ಮೀಟರಿನ ಎರಡು ಕಡ್ಡಿ ಮುಟ್ಟಿಸುತ್ತಿದ್ದರು. ಈಗ ಕರೆಂಟು ಮೀಟರಿನ ಮೂಲಕವೇ ಹಾಯಬೇಕು. ಮುಳ್ಳು ಎಷ್ಟು ಏರಿತೋ ಅಷ್ಟೇ ರೇಡಿಯೋದ ಊಟ.

ಅದಕ್ಕೂ ಹಿಂದಿನ ವಾಲ್ವ್ ರೇಡಿಯೋ ಇನ್ನೂ ದೊಡ್ಡ ಹೊಟ್ಟೆಬಾಕ. ನಿಜಾಮರ ಕಾಲದಲ್ಲಿ ಕರೆಂಟಿಲ್ಲದ ಊರಿನಲ್ಲಿ ಅದನ್ನು ಹಚ್ಚಬೇಕೆಂದರೆ ಬ್ಯಾಟರಿಯೇ ಗತಿ. ಬ್ಯಾಟರಿ ಸೆಟ್ಟಿನ ನಾಲ್ಕು ವಾಲ್ವುಗಳ ತಂತಿ ಕಾಯಿಸುವುದಕ್ಕೇ 250 ಮಿಲಿಆಂಪಿಯರ್ ಬೇಕಾಗುತ್ತಿತ್ತು, ಹಾಡು ಬರಲಿ ಬಿಡಲಿ. ಅದರ ಜೊತೆಗೆ 90 ವೋಲ್ಟಿನ ಇನ್ನೊಂದು ಬ್ಯಾಟರಿ! ಸಾಹುಕಾರರ ಮನೆಯ ವಸ್ತು ಅದು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು, 1954ರಲ್ಲಿ ಜೇಬಿನ ರೇಡಿಯೋ ಅಂಗಡಿಗೆ ಬಂತು. ಕಾಯಿಸುವ ತಂತಿಯೇ ಹೋಯಿತು. 1966ರಲ್ಲಿ ಗುಲ್ಬರ್ಗಾ ಆಕಾಶವಾಣಿ ಶುರುವಾದಾಗ ತೊಗರಿ ಹೊಲದ ಬದುವಿನ ಮೇಲೂ ಕನ್ನಡ ಕೇಳುವಂತಾದದ್ದು ಇದರಿಂದ.

ಟ್ರಾನ್ಸಿಸ್ಟರಿನ ಊಟ ಮಾತ್ರ ಒಂದೇ ಸಮ ಇರಲಿಲ್ಲ. ಸ್ಪೀಕರ್ ನಡೆಸುವ ಭಾಗ ಸದ್ದಿಲ್ಲದಾಗ ಬಹುತೇಕ ಸುಮ್ಮನಿರುತ್ತದೆ, ಜೋರು ಮಾಡಿದರೆ ಎಳೆಯುತ್ತದೆ. ಸಣ್ಣ ದನಿಯಲ್ಲಿ 20, ಜೋರಿನಲ್ಲಿ 60 ಮಿಲಿಆಂಪಿಯರ್ ಅನ್ನಿ. ಸೆಲ್ಲಿನಲ್ಲಿ 4000 ಮಿಲಿಆಂಪಿಯರ್-ಗಂಟೆ ಇದ್ದರೆ, ದಿನಕ್ಕೆ ಮೂರು ತಾಸಿನಂತೆ ಮೊದಲಿನವನಿಗೆ ಎರಡು ತಿಂಗಳು, ಕಟ್ಟೆಯ ಮೇಲಿಟ್ಟು ಊರಿಗೆಲ್ಲ ಕೇಳಿಸುವವನಿಗೆ 22 ದಿನ. ಕಾಕಾ ಸೆಟ್ ಬಿಚ್ಚದೆಯೇ "ದನಿ ಸಣ್ಣ ಮಾಡ್ರಿ" ಅನ್ನುತ್ತಿದ್ದುದು ಅದಕ್ಕೇ. (ಸತ್ತ ಸೆಲ್ ಬಿಸಿಲಿಗಿಟ್ಟರೆ ಹೊಸ ಶಕ್ತಿ ತುಂಬುತ್ತಿರಲಿಲ್ಲ, ಉಳಿದದ್ದು ಸ್ವಲ್ಪ ಚುರುಕಾಗುತ್ತಿತ್ತು, ಅಷ್ಟೇ. ಆದರೂ ನಾವೆಲ್ಲ ಇಟ್ಟವರೇ.) ಫ್ರಾನ್ಸಿನ ದ ಆರ್ಸನ್ವಾಲ್ 1882ರಲ್ಲಿ ಮಾಡಿದ ಸುರುಳಿ-ಮುಳ್ಳಿನ ಮೀಟರಿನ ವಂಶದ್ದೇ ಕಾಕಾನ ಮೀಟರೂ. ಹಾಡಿನ ಜೊತೆ ಕರೆಂಟು ಕುಣಿದರೂ ಮುಳ್ಳು ಅಷ್ಟು ಬೇಗ ಕುಣಿಯಲಾರದು, ಸರಾಸರಿ ತೋರಿಸುತ್ತದೆ. ಅದರ ಆಲಸ್ಯವೇ ಅನುಕೂಲವಾಗಿತ್ತು.

ಈಗ ಈ ಮೂರೂ ತಾಲ್ಲೂಕುಗಳ ಪಂಚಾಯಿತಿಗಳಲ್ಲಿ ಇನ್ನೊಂದು ಬಗೆಯ ರೇಡಿಯೋ ಇದೆ. ಹಾಡುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ: ಒಂದು ಸೋಲಾರ್ ಫಲಕ, ಒಂದು ಬ್ಯಾಟರಿ, ಮೊಬೈಲ್ ಜಾಲಕ್ಕೆ ಲೆಕ್ಕ ಕಳಿಸುವ ಯಂತ್ರ. ತಾಲ್ಲೂಕು ಬರಪೀಡಿತ ಹೌದೋ ಅಲ್ಲವೋ ಅನ್ನುವಾಗ ಈ ಲೆಕ್ಕ ಬೇಕು. ಮೋಡ ಕವಿದು ಮಳೆ ಹಿಡಿದ ದಿನವೇ ಫಲಕಕ್ಕೆ ಬಿಸಿಲಿಲ್ಲ, ಬ್ಯಾಟರಿಯೇ ತಡೆಯಬೇಕು.

ಇಂಥ ಯಂತ್ರ ಹೆಚ್ಚು ಹೊತ್ತು ನಿದ್ದೆ ಮಾಡಬೇಕು. ಉದಾಹರಣೆಗೆ, 15 ನಿಮಿಷಕ್ಕೊಮ್ಮೆ ಎದ್ದು ಹತ್ತು ಸೆಕೆಂಡ್ 200 ಮಿಲಿಆಂಪಿಯರ್ ಎಳೆದರೆ ಸರಾಸರಿ ಬರೀ 2.2. 7000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ತಿಂಗಳು ಬಂತು. ಆದರೆ ಒಳಗಿನ ಒಂದು ಭಾಗ ಮಲಗದೆ ಸದಾ 20 ಎಳೆಯುತ್ತಿದ್ದರೆ? ಬಿಸಿಲಿಲ್ಲದೆ 13 ದಿನ! ಕಳಿಸುವ ಹೊತ್ತಿನದಷ್ಟೇ ಅಳೆದವನಿಗೆ ಈ ಕಳ್ಳ ಕಾಣುವುದೇ ಇಲ್ಲ.

ಹಾಗಂತ ನಿದ್ದೆಯಲ್ಲಿ ಅಳೆಯೋಣವೆಂದು ಮೀಟರನ್ನು ಮೈಕ್ರೋಆಂಪಿಯರ್‌ಗೆ ತಿರುಗಿಸಿದರೆ ಅದರೊಳಗೆ 100 ಓಮ್‌ನಷ್ಟು ರೋಧ ಕೂತಿರುತ್ತದೆ. ಯಂತ್ರ ಎದ್ದು 200 ಮಿಲಿಆಂಪಿಯರ್ ಕೇಳಿತೋ, ಆ ರೋಧವೇ 20 ವೋಲ್ಟ್ ನುಂಗಬೇಕು. ಬ್ಯಾಟರಿ ಇರುವುದೇ 12ರದು. ಯಂತ್ರ ಅಲ್ಲೇ ಸಾಯುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ಸಾಯುತ್ತದೆ. ಅಳೆಯಲು ಹೋದ ಕೈಯೇ ಕತ್ತು ಹಿಸುಕಿದ ಹಾಗೆ. 2009ರಲ್ಲಿ ಆಸ್ಟ್ರೇಲಿಯಾದ ಡೇವ್ ಜೋನ್ಸ್ ಪ್ರಕಟಿಸಿದ 'ಮೈಕ್ರೋಕರೆಂಟ್' ಎಂಬ ಪುಟ್ಟ ಸಾಧನ ಈ ತೊಂದರೆಗೇ ಹುಟ್ಟಿದ್ದು: ತೀರಾ ಕಡಿಮೆ ರೋಧ ಇಟ್ಟು, ಅದರ ಮೇಲೆ ಬೀಳುವ ಚೂರು ವೋಲ್ಟೇಜನ್ನು ಹಿಗ್ಗಿಸಿ ತೋರಿಸುವುದು. ಈಗಿನ ಸಾಧನಗಳು ಕರೆಂಟು ಏರಿದಂತೆ ತಾವೇ ರೋಧ ಬದಲಿಸಿಕೊಂಡು, ನಿದ್ದೆಯಿಂದ ಎಚ್ಚರದವರೆಗೆ ಇಡೀ ಗೆರೆ ಬರೆಯುತ್ತವೆ.

ಕಾಕಾನ ಕಾಗದದ ಚೂರು ಅಲ್ಲೂ ಬೇಕು. ಬ್ಯಾಟರಿ ಬಿಡಿಸಿ ನಡುವೆ ಸೇರಿಸದೆ ಕರೆಂಟು ಅಳೆಯುವುದು ಇಂದಿಗೂ ಸುಲಭವಲ್ಲ. ಅವರು ಮುಳ್ಳು ನೋಡುತ್ತಿದ್ದುದು ಹತ್ತು ಎಣಿಸುವಷ್ಟು ಹೊತ್ತು. ಮಳೆಮಾಪಕದ ಮುಂದೆ ಕನಿಷ್ಠ ಹದಿನೈದು ನಿಮಿಷ ಕೂರಬೇಕು.